ಸಾಸ್ಕ್ವಾಚ್ ಗುರುತು ಹುಡುಕಲು ಹೊರಡುವ ಮುನ್ನ ಕರಡಿಯ ಹೆಜ್ಜೆ ಕಲಿಯಿರಿ

ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ದಕ್ಷಿಣ ಭಾಗದ ಕಾಡಿನಲ್ಲಿ, ಒಂದು ಸಣ್ಣ ಕೊಳದ ಪಕ್ಕ ನಾವಿಬ್ಬರು ಕುಕ್ಕರಗಾಲಲ್ಲಿ ಕೂತಿದ್ದೆವು. ಎದುರಿನ ಕೆಸರಿನಲ್ಲಿ ಒಂದು ಹೆಜ್ಜೆ. ಉದ್ದ ಸುಮಾರು 30 ಸೆಂಟಿಮೀಟರ್. ಮುಂದೆ ಐದು ಬೆರಳು, ಅಗಲವಾದ ಪಾದ, ಹಿಂದೆ ಕಿರಿದಾದ ಹಿಮ್ಮಡಿ. "ಮಾರಾಯ, ಇದು ಮನುಷ್ಯಂದಂತೂ ಅಲ್ಲ" ಅಂದ ಗೆಳೆಯ. ನನ್ನ ಎದೆಯೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅಳತೆ ಬರೆದುಕೊಂಡೆವು, ಫೋಟೊ ತೆಗೆದೆವು, ಕೆಸರಿನ ಅಂಚು ಹಿಡಿದು ಮುಂದೆ ಹೋದೆವು. ಹತ್ತು ಮೀಟರ್ ದಾಟಿದ ಮೇಲೆ ಅದೇ ಹೆಜ್ಜೆ ಎರಡಾಗಿ ಬಿಡಿಸಿಕೊಂಡಿತ್ತು. ಮುಂಗಾಲಿನದು ಒಂದು, ಹಿಂಗಾಲಿನದು ಒಂದು. ಕಪ್ಪು ಕರಡಿಯೊಂದು ತನ್ನ ಮುಂಗಾಲಿನ ಗುರುತಿನ ಮೇಲೆ ಅರ್ಧಂಬರ್ಧ ಹಿಂಗಾಲಿಟ್ಟು ನಡೆದುಹೋಗಿತ್ತು.

ಆ ಹತ್ತು ಮೀಟರ್ ನಡೆಯದೆ ಮನೆಗೆ ಬಂದಿದ್ದರೆ, ಇವತ್ತಿಗೂ ನಾನು ಸಾಸ್ಕ್ವಾಚ್ ಹೆಜ್ಜೆ ನೋಡಿದ್ದೇನೆ ಎಂದೇ ಹೇಳಿಕೊಂಡು ಓಡಾಡುತ್ತಿದ್ದೆ. ಸಾಸ್ಕ್ವಾಚ್ ಅಂದರೆ ಈ ಕಾಡುಗಳಲ್ಲಿ ಇದೆ ಎಂದು ಜನ ಹೇಳುವ, ಮೈತುಂಬ ಕೂದಲಿರುವ, ಮನುಷ್ಯನ ಹಾಗೆ ಎರಡು ಕಾಲಲ್ಲಿ ನಡೆಯುವ ದೊಡ್ಡ ವಾನರ.

ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ಇರುವ ನಮ್ಮವರು ಬೇಸಿಗೆ ಬಂದರೆ ಡೇರೆ ಹೊತ್ತು ಕಾಡಿಗೆ ಹೋಗುವುದು ಈಗ ಜಾಸ್ತಿ ಆಗಿದೆ. ಮಕ್ಕಳಂತೂ ಸಾಸ್ಕ್ವಾಚ್ ಸಿಗುತ್ತಾ ಅಂತ ಕೇಳಿಯೇ ಕೇಳುತ್ತಾರೆ. ಕೇಳಲಿ. ಈ ಹುಡುಕಾಟ ನನಗೆ ತುಂಬಾ ಇಷ್ಟ. ಇಲ್ಲಿಯವರೆಗೆ ಸಾಸ್ಕ್ವಾಚ್‌ನದು ಎನ್ನಬಹುದಾದ ಒಂದು ಮೂಳೆಯಾಗಲಿ, ಹಲ್ಲಾಗಲಿ ಯಾರಿಗೂ ಸಿಕ್ಕಿಲ್ಲ. ಅದಕ್ಕೇ ಸರಿಯಾಗಿ ಹುಡುಕಬೇಕು. ಸರಿಯಾಗಿ ಹುಡುಕುವುದು ಅಂದರೆ ಆ ಕಾಡಿನ ಉಳಿದ ಪ್ರಾಣಿಗಳನ್ನೆಲ್ಲ ಗುರುತಿಸಲು ಕಲಿಯುವುದು. ಇದು ಅವುಗಳಲ್ಲಿ ಯಾವುದೂ ಅಲ್ಲ ಎಂದು ಹೇಳಲು ಬಂದಾಗ ಮಾತ್ರ ಇದು ಬೇರೇನೋ ಎನ್ನುವ ಮಾತಿಗೆ ತೂಕ ಬರುತ್ತದೆ.

ಎಲ್ಲಿಗೆ ಹೋಗುವುದು

ನಾನು ಹೋಗುವುದು ಗಿಫರ್ಡ್ ಪಿಂಚೊ ರಾಷ್ಟ್ರೀಯ ಅರಣ್ಯಕ್ಕೆ. ಸೇಂಟ್ ಹೆಲೆನ್ಸ್ ಮತ್ತು ಆಡಮ್ಸ್ ಎಂಬ ಎರಡು ಜ್ವಾಲಾಮುಖಿ ಪರ್ವತಗಳ ಸುತ್ತ ಹರಡಿರುವ, ಸುಮಾರು 13 ಲಕ್ಷ ಎಕರೆಯ ಕಾಡು ಇದು. ಸಾಸ್ಕ್ವಾಚ್ ಕಥೆಗೆ ಇಲ್ಲಿ ಹಳೆಯ ನಂಟಿದೆ. 1924ರಲ್ಲಿ ಸೇಂಟ್ ಹೆಲೆನ್ಸ್‌ನ ಪಕ್ಕದಲ್ಲಿ ಚಿನ್ನ ಹುಡುಕುತ್ತಿದ್ದ ಕೆಲವು ಗಣಿಗಾರರು, ರಾತ್ರಿಯಿಡೀ ದೊಡ್ಡ ವಾನರಗಳು ತಮ್ಮ ಗುಡಿಸಲಿನ ಮೇಲೆ ಕಲ್ಲೆಸೆದವು ಎಂದು ಹೇಳಿದರು. ಆ ಕಮರಿಗೆ ಏಪ್ ಕ್ಯಾನ್ಯನ್ ಎಂಬ ಹೆಸರು ಬಂತು. ಈ ಅರಣ್ಯದ ದೊಡ್ಡ ಭಾಗ ಸ್ಕಮೇನಿಯಾ ಕೌಂಟಿಯಲ್ಲಿದೆ. 1969ರ ಏಪ್ರಿಲ್ 1ರಂದು ಆ ಕೌಂಟಿ ಸಾಸ್ಕ್ವಾಚ್ ಕೊಲ್ಲುವುದು ಅಪರಾಧ ಎಂದು ಕಾನೂನು ಮಾಡಿ, 10,000 ಡಾಲರ್ ದಂಡ, ಐದು ವರ್ಷ ಜೈಲು ಎಂದು ಬರೆಯಿತು. ತಾರೀಖು ನೋಡಿ ತಮಾಷೆ ಅನ್ನಿಸಬಹುದು. ಆದರೆ ಕೋವಿ ಹಿಡಿದು ಸಾಸ್ಕ್ವಾಚ್ ಹುಡುಕಲು ಬಂದವರ ಗುಂಡು ಇನ್ನೊಬ್ಬ ಮನುಷ್ಯನಿಗೆ ತಗಲಬಾರದು ಎನ್ನುವ ಕಾಳಜಿ ಅದರ ಹಿಂದೆ ಇತ್ತು. 1984ರಲ್ಲಿ ಆ ಕಾನೂನನ್ನು ತಿದ್ದಿದರು.

ಮೊದಲ ಸಲ ಹೋಗುವವರಿಗೆ ಇಂಡಿಯನ್ ಹೆವನ್ ಎಂಬ ಭಾಗ ಒಳ್ಳೆಯದು. ಸುಮಾರು 150 ಕೆರೆ ಕೊಳಗಳಿವೆ. ಕೊಳದ ಅಂಚು ಅಂದರೆ ಕೆಸರು, ಕೆಸರು ಅಂದರೆ ಹೆಜ್ಜೆ. ಕಾಲುದಾರಿ ಶುರುವಾಗುವಲ್ಲಿ ಪೆಟ್ಟಿಗೆಯಲ್ಲಿ ಉಚಿತ ಪರವಾನಗಿ ಚೀಟಿ ಇರುತ್ತದೆ, ನೀವೇ ತುಂಬಿ ಹಾಕಬೇಕು. ಅಲ್ಲಿ ಡ್ರೋನ್ ಹಾರಿಸುವಂತಿಲ್ಲ. ಹೊರಡುವ ಮುನ್ನ ಟ್ರೌಟ್ ಲೇಕ್ ಊರಿನ ರೇಂಜರ್ ಕಚೇರಿಗೆ ಫೋನ್ ಮಾಡಿ ಎರಡು ವಿಷಯ ಕೇಳಿ: ರಸ್ತೆ ತೆರೆದಿದೆಯಾ, ಬೆಂಕಿ ಹಾಕಲು ನಿಷೇಧ ಇದೆಯಾ. ಬೇಸಿಗೆಯ ಕೊನೆಯಲ್ಲಿ ನಿಷೇಧ ಇರುವುದೇ ಹೆಚ್ಚು.

ಹತ್ತಿರದ ಸಾಟೂತ್ ಪ್ರದೇಶದಲ್ಲಿ ಹಕಲ್‌ಬೆರಿ ಹಣ್ಣಿನ ಪೊದೆಗಳ ದೊಡ್ಡ ಬಯಲುಗಳಿವೆ. ಅದರಲ್ಲಿ ಒಂದು ಭಾಗ ಇಲ್ಲಿನ ಮೂಲನಿವಾಸಿಗಳಾದ ಯಾಕಮ ಜನರಿಗೆ ಮೀಸಲು. 1932ರಲ್ಲಿ ಅವರ ಮುಖಂಡರೂ ಅರಣ್ಯಾಧಿಕಾರಿಯೂ ಕೈ ಕುಲುಕಿ ಮಾಡಿಕೊಂಡ ಒಪ್ಪಂದ ಅದು, ಇಂದಿಗೂ ನಡೆಯುತ್ತಿದೆ. ಫಲಕ ನೋಡಿಕೊಂಡು ನಡೆಯಿರಿ, ಆ ಭಾಗದಲ್ಲಿ ಒಂದು ಹಣ್ಣನ್ನೂ ಕೀಳಬೇಡಿ. ಸಾಸ್ಕ್ವಾಚ್ ಎಂಬ ಪದವೂ ಇಲ್ಲಿನ ಮೂಲನಿವಾಸಿಗಳದೇ. ಕೆನಡಾದ ಫ್ರೇಸರ್ ಕಣಿವೆಯ ಹಾಲ್ಕೊಮೆಲೆಮ್ ಭಾಷೆಯಿಂದ ಬಂದದ್ದು. 1920ರ ದಶಕದಲ್ಲಿ ಅಲ್ಲಿ ಶಾಲಾ ಮೇಷ್ಟ್ರಾಗಿದ್ದ ಜೆ. ಡಬ್ಲ್ಯು. ಬರ್ನ್ಸ್ ಎಂಬವರು ಪತ್ರಿಕೆಗಳಿಗೆ ಬರೆದ ಮೇಲೆ ಹೊರಗಿನವರ ಬಾಯಿಗೆ ಬಂತು. ಆ ಜನರಿಗೆ ಸಾಸ್ಕ್ವಾಚ್ ಹಿಡಿಯಬೇಕಾದ ಪ್ರಾಣಿಯಲ್ಲ, ಗೌರವದಿಂದ ಕಾಣಬೇಕಾದ ಜೀವ. ಅವರ ನೆಲದಲ್ಲಿ ಓಡಾಡುವಾಗ ಇದು ನೆನಪಿರಲಿ.

ಯಾವಾಗ

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ. ಎತ್ತರದ ರಸ್ತೆಗಳಲ್ಲಿ ಜುಲೈವರೆಗೂ ಹಿಮ ಉಳಿದಿರುತ್ತದೆ. ಹಿಮ ಕರಗಿದ ಕೂಡಲೇ ಸೊಳ್ಳೆ, ಕೂತು ನೋಡಲು ಬಿಡುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಒಂದು ಮಳೆ ಬಿದ್ದ ಮರುದಿನ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಹಳೆಯ ಗುರುತೆಲ್ಲ ಅಳಿಸಿರುತ್ತದೆ. ಕಂಡದ್ದೆಲ್ಲ ಹೊಸದು.

ಇದು ಬೇಟೆಯ ಕಾಲವೂ ಹೌದು. ಕಿತ್ತಳೆ ಬಣ್ಣದ ಮೇಲಂಗಿ, ಟೋಪಿ ಎಲ್ಲರಿಗೂ ಇರಲೇಬೇಕು, ಮಕ್ಕಳಿಗಂತೂ ಕಡ್ಡಾಯ. ಕಪ್ಪು, ಕಂದು ಬಣ್ಣದ ಜಾಕೆಟ್ ಬೇಡವೇ ಬೇಡ.

ಏನು ಒಯ್ಯಬೇಕು

ಮೊದಲು ಜೀವಕ್ಕೆ ಬೇಕಾದದ್ದು. ಅಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಬಾಡಿಗೆಗಾದರೂ ತನ್ನಿ. ಕಾಗದದ ನಕ್ಷೆ, ದಿಕ್ಸೂಚಿ, ನೀರು ಸೋಸುವ ಫಿಲ್ಟರ್, ಮಳೆ ಅಂಗಿ, ಉಣ್ಣೆಯ ಬಟ್ಟೆ ಬೇಕು. ಸೆಪ್ಟೆಂಬರ್ ರಾತ್ರಿ ನೆನೆದ ಹತ್ತಿ ಬಟ್ಟೆಯಲ್ಲಿ ಇದ್ದರೆ ಮೈ ಬೇಗ ತಣ್ಣಗಾಗಿ ಪ್ರಾಣಕ್ಕೇ ಬರುತ್ತದೆ. ಕರಡಿಗೆ ಎರಚುವ ಮೆಣಸಿನ ಸ್ಪ್ರೇ ತಲೆಗೊಂದು ಇರಲಿ, ಚೀಲದೊಳಗೆ ಅಲ್ಲ, ಸೊಂಟದಲ್ಲಿ. ವಿಮಾನದಲ್ಲಿ ಅದನ್ನು ಒಯ್ಯಲು ಬಿಡುವುದಿಲ್ಲ, ಇಲ್ಲಿಯೇ ಕೊಳ್ಳಬೇಕು. ಎಲ್ಲಿಗೆ ಹೋಗುತ್ತೀರಿ, ಯಾವ ದಿನ ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಬರೆದು ಕೊಟ್ಟು ಹೋಗಿ. ಕೊನೆಯ ಊರಿನಲ್ಲಿ ಪೆಟ್ರೋಲ್ ತುಂಬಿಸಿ.

ಹುಡುಕಾಟಕ್ಕೆ ಬೇಕಾದ ಸಾಮಾನು ಕಡಿಮೆ. ಅಳತೆ ಟೇಪು, 30 ಸೆಂಟಿಮೀಟರ್ ಸ್ಕೇಲು, ನೋಟ್‌ಬುಕ್ಕು, ಪೆನ್ಸಿಲ್ (ಚಳಿಗೆ, ತೇವಕ್ಕೆ ಪೆನ್ ಕೈಕೊಡುತ್ತದೆ), ಕಾಗದದ ಲಕೋಟೆ, ಕೈಗವಸು, ಚಿಮಟ, ಒಂದು ಟಾರ್ಚು. ಎರಡು ಮೂರು ಕಿಲೊ ಪ್ಲಾಸ್ಟರ್ ಆಫ್ ಪ್ಯಾರಿಸ್. ಹಲ್ಲಿನ ಡಾಕ್ಟರು ಬಳಸುವ ಡೆಂಟಲ್ ಸ್ಟೋನ್ ಸಿಕ್ಕಿದರೆ ಇನ್ನೂ ಗಟ್ಟಿ. ದಪ್ಪ ರಟ್ಟಿನ ಪಟ್ಟಿ ಒಂದಷ್ಟು. ಧ್ವನಿ ಮುದ್ರಿಸಲು ಫೋನೇ ಸಾಕು, ಬ್ಯಾಟರಿಗೆ ಪವರ್ ಬ್ಯಾಂಕ್ ಇರಲಿ.

ಬಿಡಾರ ಮತ್ತು ಒಗ್ಗರಣೆ

ಡೇರೆ ನೀರಿನಿಂದ 60 ಮೀಟರ್ ದೂರದಲ್ಲಿ ಹಾಕಿ. ಅಡುಗೆ ಮಾಡುವ ಜಾಗ ಡೇರೆಯಿಂದ ಇನ್ನೂ 60 ಮೀಟರ್ ಆಚೆ ಇರಲಿ. ಗಾಳಿ ಡೇರೆಯ ಕಡೆಯಿಂದ ಅಡುಗೆಯ ಕಡೆಗೆ ಬೀಸುವಂತೆ ನೋಡಿಕೊಳ್ಳಿ. ಇದು ನಮ್ಮವರಿಗೆ ಇನ್ನೂ ಮುಖ್ಯ. ಇಂಗು, ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿದರೆ ನಮಗೇ ಎರಡು ಮನೆ ಆಚೆಗೆ ಘಮ ಬರುತ್ತದೆ, ಕರಡಿಯ ಮೂಗಿಗೆ ಎಷ್ಟು ದೂರ ಹೋಗಬಹುದು ಯೋಚಿಸಿ. ನಾವು ಕಾಡಿಗೆ ಹೋದಾಗ ಒಲೆಯ ಕೆಲಸವೇ ಕಡಿಮೆ. ಗೊಜ್ಜವಲಕ್ಕಿ ಪುಡಿ ಕಲಸಿದ ಅವಲಕ್ಕಿ, ಚಪಾತಿ, ಚಟ್ನಿಪುಡಿ, ಬೆಲ್ಲ, ಕಡಲೆಕಾಯಿ. ಕಾಫಿಗೆ ಮಾತ್ರ ನೀರು ಕಾಯಿಸುತ್ತೇವೆ.

ತಿನ್ನುವ ಪದಾರ್ಥ, ಟೂತ್‌ಪೇಸ್ಟ್, ಸೋಪು, ಕಸ ಎಲ್ಲ ಕರಡಿಗೆ ಬಿಚ್ಚಲಾಗದ ಗಟ್ಟಿ ಡಬ್ಬಿಯಲ್ಲಿ ಹಾಕಿ, ಅದನ್ನೂ ಡೇರೆಯಿಂದ ದೂರ ಇಡಿ. ಸಾಸ್ಕ್ವಾಚ್ ಬರಲಿ ಅಂತ ಹಣ್ಣು ಹಂಪಲು ಇಟ್ಟು ಕಾಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕರಡಿ, ಕೂಗರ್ (ಚಿರತೆಯಂಥ ದೊಡ್ಡ ಕಾಡುಬೆಕ್ಕು), ತೋಳಗಳಿಗೆ ಬೇಕೆಂದೇ ಆಹಾರ ಹಾಕುವುದು ವಾಷಿಂಗ್ಟನ್‌ನಲ್ಲಿ ಕಾನೂನಿಗೆ ವಿರುದ್ಧ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ.

ಬಿಡಾರ ಹೂಡಿದ ಕೂಡಲೇ ಒಂದು ಕೆಲಸ ಮಾಡಿ. ಹತ್ತಿರದ ಮಣ್ಣಿನಲ್ಲಿ ಚಪ್ಪಲಿ ಬಿಚ್ಚಿ ನಾಲ್ಕು ಹೆಜ್ಜೆ ನಡೆಯಿರಿ. ಸಮಯ ಬರೆದು, ಫೋಟೊ ತೆಗೆಯಿರಿ. ಆಮೇಲೆ ದಿನಕ್ಕೆ ಎರಡು ಸಲ ಅದೇ ಹೆಜ್ಜೆ ನೋಡುತ್ತಿರಿ. ಬಿಸಿಲಿಗೆ ಅಂಚು ಹೇಗೆ ಕುಸಿಯುತ್ತದೆ, ಇಬ್ಬನಿ ಏನು ಮಾಡುತ್ತದೆ, ಸೂಜಿ ಎಲೆ ಯಾವಾಗ ಬಿದ್ದು ತುಂಬುತ್ತದೆ ಎಂದು ಕಾಣುತ್ತದೆ. ಬೇರೆ ಗುರುತು ಸಿಕ್ಕಾಗ ಅದು ಎಷ್ಟು ಹಳೆಯದು ಎಂದು ಅಂದಾಜಿಸಲು ನಿಮ್ಮ ಹೆಜ್ಜೆಯೇ ಅಳತೆಗೋಲು.

ಹೆಜ್ಜೆ ಸಿಕ್ಕಿತು, ಈಗೇನು

ಮುಟ್ಟಬೇಡಿ. ಎಲ್ಲರೂ ನಿಂತಲ್ಲೇ ನಿಲ್ಲಿ. ಒಬ್ಬರು ಮಾತ್ರ ಪಕ್ಕದಿಂದ ಹೋಗಿ ಸ್ಕೇಲು ಇಡಲಿ.

ಸ್ಕೇಲು ಇಲ್ಲದ ಫೋಟೊ ಉಪಯೋಗಕ್ಕೆ ಬರುವುದಿಲ್ಲ. ಹಿಮಾಲಯದ ಯೇತಿಯ ಹೆಜ್ಜೆ ಎಂದು 1951ರಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್ ತೆಗೆದ ಫೋಟೊ ಬಗ್ಗೆ ಜನ ಇಂದಿಗೂ ಮಾತಾಡುವುದು ಅದರ ಪಕ್ಕದಲ್ಲಿ ಹಿಮಗೊಡಲಿ ಇಟ್ಟಿದ್ದರಿಂದ. ಗಾತ್ರ ತಿಳಿಯುತ್ತದಲ್ವಾ? ಆದರೆ ಹಿಮದಲ್ಲಿ ಸಣ್ಣ ಹೆಜ್ಜೆಯೂ ಬಿಸಿಲಿಗೆ ಕರಗಿ ದೊಡ್ಡದಾಗುತ್ತದೆ. ಹಾಗಾಗಿ ಹಿಮದ ಹೆಜ್ಜೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಒಂದು ಫೋಟೊ ನೇರ ಮೇಲಿನಿಂದ. ಇನ್ನೊಂದು, ಟಾರ್ಚನ್ನು ನೆಲದ ಮಟ್ಟದಲ್ಲಿ ಹಿಡಿದು ಅಡ್ಡ ಬೆಳಕು ಬಿಟ್ಟು. ಅಡ್ಡ ಬೆಳಕಿನಲ್ಲಿ ಬೆರಳಿನ ಆಳ, ಉಗುರಿನ ತುದಿ ಎದ್ದು ಕಾಣುತ್ತದೆ. ಆಮೇಲೆ ಉದ್ದ, ಬೆರಳಿನ ಹತ್ತಿರದ ಅಗಲ, ಹಿಮ್ಮಡಿಯ ಅಗಲ, ಆಳ ಬರೆದುಕೊಳ್ಳಿ. ಪಕ್ಕದಲ್ಲಿ ನೀವೊಂದು ಹೆಜ್ಜೆ ಒತ್ತಿ ಅದರ ಆಳವನ್ನೂ ಅಳೆಯಿರಿ.

ಈಗ ಕರಡಿಯ ಪರೀಕ್ಷೆ. ಇದನ್ನು ನಿಧಾನವಾಗಿ ಮಾಡಿ. ನಮ್ಮ ಪಾದದಲ್ಲಿ ಹೆಬ್ಬೆರಳು ಒಳಗಡೆ ಇರುತ್ತದೆ, ಅದೇ ದೊಡ್ಡದು. ಕರಡಿಯ ಪಾದದಲ್ಲಿ ತಿರುಗುಮುರುಗು, ದೊಡ್ಡ ಬೆರಳು ಹೊರಗಡೆ, ಒಳಗಿನದು ಎಲ್ಲಕ್ಕಿಂತ ಸಣ್ಣದು. ಎಷ್ಟೋ ಸಲ ಆ ಸಣ್ಣ ಬೆರಳು ಮಣ್ಣಿನಲ್ಲಿ ಮೂಡುವುದೇ ಇಲ್ಲ, ನಾಲ್ಕೇ ಕಾಣುತ್ತವೆ. ಹಾಗಾಗಿ ಒಂದೇ ಹೆಜ್ಜೆ ನೋಡಿ ಎಡಗಾಲೋ ಬಲಗಾಲೋ ಹೇಳಲು ಹೋಗಬೇಡಿ. ಸಾಲು ಹುಡುಕಿ. ಎಡ ಯಾವುದು, ಬಲ ಯಾವುದು ಎಂದು ಸಾಲಿನಿಂದ ತಿಳಿದ ಮೇಲೆ ದೊಡ್ಡ ಬೆರಳು ಒಳಗಿದೆಯೋ ಹೊರಗಿದೆಯೋ ನೋಡಿ. ಬೆರಳಿನ ಮುಂದೆ ಸಣ್ಣ ಚುಕ್ಕೆಗಳಿದ್ದರೆ ಅವು ಉಗುರು. ಕಪ್ಪು ಕರಡಿಯ ಹಿಂಗಾಲಿನ ಗುರುತು ಸಾಮಾನ್ಯವಾಗಿ 15ರಿಂದ 18 ಸೆಂಟಿಮೀಟರ್. ಅದು ಮುಂಗಾಲಿನ ಗುರುತಿನ ಮೇಲೆ ಸ್ವಲ್ಪ ಹಿಂದೆ ಬಿದ್ದರೆ ಎರಡೂ ಸೇರಿ ಒಂದೇ ಉದ್ದ ಪಾದದ ಹಾಗೆ ಕಾಣುತ್ತದೆ. ನಮಗೆ ಆದದ್ದು ಇದೇ. ನಡುವೆ ಎಲ್ಲಾದರೂ ಮಡಿಕೆಯಂಥ ಗೆರೆ, ಅಥವಾ ಪಾದದ ಮಧ್ಯದಲ್ಲಿ ಉಗುರಿನ ಚುಕ್ಕೆ ಇದೆಯಾ ಹುಡುಕಿ.

ಕರಡಿ ಅಲ್ಲ ಎಂದಾದರೆ ಮುಂದಿನ ಪ್ರಶ್ನೆ ಮನುಷ್ಯ. 1958ರಲ್ಲಿ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್‌ನಲ್ಲಿ ರಸ್ತೆ ಕೆಲಸದ ಜಾಗದಲ್ಲಿ 16 ಇಂಚಿನ ಹೆಜ್ಜೆಗಳು ಕಂಡವು. ಜೆರಿ ಕ್ರೂ ಎಂಬ ಕೆಲಸಗಾರ ಅಚ್ಚು ತೆಗೆದು ಪತ್ರಿಕೆಗೆ ತೋರಿಸಿದರು. ಸಾಸ್ಕ್ವಾಚ್‌ಗೆ ಬಿಗ್‌ಫುಟ್ ಎಂಬ ಹೆಸರು ದೇಶವೆಲ್ಲ ಹಬ್ಬಿದ್ದು ಅಲ್ಲಿಂದ. ಆ ಕೆಲಸದ ಗುತ್ತಿಗೆದಾರ ರೇ ವಾಲೆಸ್ 2002ರಲ್ಲಿ ತೀರಿಕೊಂಡ ಮೇಲೆ, ಮನೆಯವರು ಮರದಲ್ಲಿ ಕೆತ್ತಿದ ದೊಡ್ಡ ಪಾದಗಳನ್ನು ಹೊರಗೆ ತಂದು ಅದು ಅವರದೇ ಕೆಲಸ ಎಂದರು. ಮರದ ಪಾದ ಬಾಗುವುದಿಲ್ಲ. ಜೀವಂತ ಕಾಲು ಏರಿನಲ್ಲಿ ಬೆರಳು ಊರುತ್ತದೆ, ಇಳಿಜಾರಿನಲ್ಲಿ ಜಾರುತ್ತದೆ, ಕಲ್ಲು ಸಿಕ್ಕರೆ ತಿರುಗುತ್ತದೆ. ಸಾಲಿನ ಎಲ್ಲ ಹೆಜ್ಜೆಯೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿದ್ದರೆ ನಂಬಬೇಡಿ. ಸಾಲು ದಾರಿಯ ಪಕ್ಕದಲ್ಲೇ ಶುರುವಾಗಿ ದಾರಿಯ ಪಕ್ಕದಲ್ಲೇ ಮುಗಿದರೂ ಅಷ್ಟೆ.

ಅಚ್ಚು ತೆಗೆಯುವುದು

ಹಿಂದೆ ನಮ್ಮ ದೇಶದಲ್ಲಿ ಹುಲಿ ಗಣತಿ ಮಾಡುವಾಗಲೂ ಹೆಜ್ಜೆಯ ಪ್ಲಾಸ್ಟರ್ ಅಚ್ಚು ತೆಗೆಯುತ್ತಿದ್ದರು. ವಿಧಾನ ಇಲ್ಲಿಯೂ ಅದೇ.

ಹೆಜ್ಜೆಯ ಸುತ್ತ ನಾಲ್ಕು ಬೆರಳು ದೂರ ಬಿಟ್ಟು ರಟ್ಟಿನ ಪಟ್ಟಿಯನ್ನು ಬಳೆಯ ಹಾಗೆ ನಿಲ್ಲಿಸಿ, ಹೊರಗಿನಿಂದ ಮಣ್ಣು ಒತ್ತಿ. ಒಳಗೆ ಬಿದ್ದ ಎಲೆಯನ್ನು ಚಿಮಟದಿಂದ ತೆಗೆಯಿರಿ. ಮಣ್ಣಿನಲ್ಲಿ ಅಂಟಿಕೊಂಡಿದ್ದರೆ ಬಿಟ್ಟುಬಿಡಿ. ಎರಡು ಲೋಟ ಪ್ಲಾಸ್ಟರಿಗೆ ಒಂದು ಲೋಟ ನೀರು. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ದೋಸೆ ಹಿಟ್ಟಿನ ಹದಕ್ಕೆ ಬರಲಿ. ಹೆಜ್ಜೆಯ ಮೇಲೆ ನೇರ ಸುರಿದರೆ ಗುರುತು ಕೆಡುತ್ತದೆ. ಪಕ್ಕದ ನೆಲಕ್ಕೆ ಸುರಿದು, ತಾನೇ ಹರಿದು ಒಳಗೆ ಹೋಗಲು ಬಿಡಿ. ದಪ್ಪ ಎರಡು ಬೆರಳಿನಷ್ಟಾದರೂ ಇರಲಿ. ಗಟ್ಟಿಯಾಗುವ ಮುನ್ನ ಹಿಂಬದಿಯಲ್ಲಿ ಕಡ್ಡಿಯಿಂದ ದಿನಾಂಕ, ಜಾಗ ಗೀರಿ. ಒಂದು ಗಂಟೆ ಬಿಟ್ಟು, ಸುತ್ತಲಿನ ಮಣ್ಣು ಸಮೇತ ಕೆಳಗಿನಿಂದ ಎತ್ತಿ. ಅಲ್ಲಿ ತೊಳೆಯಬೇಡಿ. ಚೆಲ್ಲಿದ ಪ್ಲಾಸ್ಟರ್ ಚೂರುಗಳನ್ನು ಕಾಡಿನಲ್ಲಿ ಬಿಡದೆ ವಾಪಸ್ ತನ್ನಿ.

ಈ ಕಾಡಿನ ನೆಲದ ಬಗ್ಗೆ ಒಂದು ಎಚ್ಚರಿಕೆ. 1980ರ ಮೇ 18ರಂದು ಸೇಂಟ್ ಹೆಲೆನ್ಸ್ ಸಿಡಿದಾಗ ಸುತ್ತಲೂ ಬೂದಿ ಬಿತ್ತು. ಬೂದಿ ಬೆರೆತ ಒಣ ಮಣ್ಣು ತುಂಬಾ ನುಣುಪು. ಅಂಥ ನುಣುಪು ಒಣ ಮಣ್ಣಿಗೆ ಪ್ಲಾಸ್ಟರ್ ಸುರಿದರೆ ನೀರನ್ನು ಮಣ್ಣು ಹೀರಿಕೊಳ್ಳುತ್ತದೆ, ಆಗ ಅಚ್ಚಿನ ಮೇಲೆ ಸಣ್ಣ ಸಣ್ಣ ಏರುಗೆರೆಗಳು ತಾವಾಗಿಯೇ ಮೂಡುತ್ತವೆ. ನೋಡಲು ಥೇಟ್ ನಮ್ಮ ಬೆರಳಚ್ಚಿನ ಗೆರೆಗಳ ಹಾಗೆ. ಇವನ್ನೇ ಸಾಸ್ಕ್ವಾಚ್ ಚರ್ಮದ ಗೆರೆ ಎಂದು ವರ್ಷಗಟ್ಟಲೆ ವಾದ ನಡೆದಿದೆ. ಅನುಮಾನ ಬಂದರೆ ಅದೇ ಮಣ್ಣಿನಲ್ಲಿ ಗೆರೆಯಿಲ್ಲದ ನುಣುಪಾದ ಲೋಟದ ತಳ ಒತ್ತಿ ಇನ್ನೊಂದು ಅಚ್ಚು ತೆಗೆಯಿರಿ. ಅದರಲ್ಲೂ ಗೆರೆ ಬಂದರೆ ಗೊತ್ತಾಯಿತಲ್ಲ.

ದೊಡ್ಡ ಗುರುತು ಸಿಕ್ಕಾಗಲೂ ಸುತ್ತಮುತ್ತ ನೋಡುವುದು ಮುಖ್ಯ. 2000ನೇ ಇಸವಿಯ ಸೆಪ್ಟೆಂಬರ್‌ನಲ್ಲಿ ಇದೇ ಅರಣ್ಯದ ಸ್ಕೂಕಮ್ ಮೆಡೋ ಎಂಬಲ್ಲಿ ಕೆಸರಿನಲ್ಲಿ ದೊಡ್ಡ ಮೈಯ ಗುರುತೊಂದು ಸಿಕ್ಕಿತು. ಸಾಸ್ಕ್ವಾಚ್ ಒರಗಿ ಕೂತ ಗುರುತು ಎಂದು ಕೆಲವರು, ಎಲ್ಕ್ ಮಲಗಿ ಎದ್ದ ಗುರುತು ಎಂದು ಕೆಲವರು. ಎಲ್ಕ್ ಅಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಅದು ಮಲಗಿ ಏಳುವಾಗ ಮೊಣಕಾಲು ಊರುತ್ತದೆ. ಗುರುತಿನ ಅಂಚಿನಲ್ಲಿ ಸೀಳು ಗೊರಸು, ಮೊಣಕಾಲಿನ ಗುಳಿ ಇದ್ದರೆ ಎಲ್ಕ್ ಎಂದೇ ತಿಳಿಯಿರಿ.

ಕೂದಲು, ಮುರಿದ ಮರ

ಮರದ ತೊಗಟೆಯಲ್ಲಿ ಕೂದಲು ಸಿಕ್ಕಿದರೆ ಕೈಗವಸು ಹಾಕಿ, ಚಿಮಟದಿಂದ ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಬೇಡ, ತೇವ ನಿಂತು ಬೂಷ್ಟು ಹಿಡಿಯುತ್ತದೆ. ಬೇರು ಸಮೇತ ಇರುವ ಕೂದಲು ಪರೀಕ್ಷೆಗೆ ಉತ್ತಮ. 1970ರ ದಶಕದಲ್ಲಿ ಬಿಗ್‌ಫುಟ್ ಕೂದಲು ಎಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಕಳಿಸಿದ್ದು ಜಿಂಕೆಯದಾಗಿತ್ತು. ಆ ಕಡತ 2019ರಲ್ಲಿ ಹೊರಬಂತು. 2014ರಲ್ಲಿ ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ತಂಡ ಹಲವು ದೇಶಗಳ ಇಂಥ ಕೂದಲಿನ ಡಿಎನ್‌ಎ ನೋಡಿದಾಗ ಕರಡಿ, ಕುದುರೆ, ಹಸು, ನಾಯಿ ಜಾತಿಯ ಪ್ರಾಣಿಗಳು ಸಿಕ್ಕವು. ಗೊತ್ತಿಲ್ಲದ ವಾನರ ಒಂದೂ ಇರಲಿಲ್ಲ. ಕರಡಿ ಮರಕ್ಕೆ ಬೆನ್ನುಜ್ಜುತ್ತದೆ, ಆಳೆತ್ತರದಲ್ಲಿ ಕೂದಲು ಬಿಡುತ್ತದೆ. ಎತ್ತರ ನೋಡಿ ಮೋಸಹೋಗಬೇಡಿ.

ಹಿಕ್ಕೆಯನ್ನು ಸುಮ್ನೆ ಫೋಟೊ ತೆಗೆದು ಬಿಡಿ, ಮುಟ್ಟಬೇಡಿ. ತಿರುಚಿ ಮುರಿದ ಎಳೆಮರಗಳ ಬಗ್ಗೆ ನಾನು ಸಮಯ ಕಳೆಯುವುದಿಲ್ಲ. ಚಳಿಗಾಲದ ಹಿಮದ ಭಾರ, ಗಾಳಿ ಎರಡೂ ಸೇರಿ ಅಂಥ ನೂರಾರು ಮರ ಮುರಿಯುತ್ತವೆ.

ರಾತ್ರಿಯ ಸದ್ದು

ಇದು ನನಗೆ ಅತ್ಯಂತ ಪ್ರಿಯವಾದ ಭಾಗ. ದೀಪ ಆರಿಸಿ, ಬೆನ್ನಿಗೆ ಮರ ಕೊಟ್ಟು, ಒಂದು ಗಂಟೆ ಮಾತಿಲ್ಲದೆ ಕೂರಬೇಕು. ಫೋನ್ ಮುದ್ರಿಸುತ್ತಿರಲಿ. ಸದ್ದು ಕೇಳಿದಾಗ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಸಮಯ, ದಿಕ್ಕು, ಹೇಗಿತ್ತು ಎಂದು ಬರೆಯಬೇಕು. ಮೊದಲು ಮಾತಾಡಿಕೊಂಡರೆ ಎಲ್ಲರ ಕಿವಿಯೂ ಒಂದೇ ಕಥೆ ಹೇಳತೊಡಗುತ್ತದೆ.

ಹೊರಡುವ ವಾರ ಮನೆಯಲ್ಲೇ ಐದು ಧ್ವನಿ ಕೇಳಿ ಕಲಿಯಿರಿ. ಬ್ಯಾರ್ಡ್ ಗೂಬೆ: ಎರಡು ಗೂಬೆ ಒಟ್ಟಿಗೆ ಕೂಗಿದರೆ ಕೋತಿಗಳ ಜಗಳದ ಹಾಗೇ ಕೇಳುತ್ತದೆ. ಗಂಡು ಎಲ್ಕ್: ಸೆಪ್ಟೆಂಬರ್ ಅದರ ಕೂಡುವ ಕಾಲ, ಕೆಳಗಿನಿಂದ ಎದ್ದು ಶಿಳ್ಳೆಯಂತೆ ಏರಿ, ಕೊನೆಗೆ ಗೊರಗೊರ ಎಂದು ಮುಗಿಯುತ್ತದೆ. ಹೆಣ್ಣು ಕೂಗರ್: ಹೆಂಗಸು ಕಿರುಚಿದ ಹಾಗೆ. ನರಿ, ಕಾಯೋಟಿಗಳದು (ಕಾಯೋಟಿ ಅಂದರೆ ತೋಳದ ಜಾತಿಯ ಸಣ್ಣ ಪ್ರಾಣಿ) ಬೇರೆಯೇ. ಮೊದಲ ಸಲ ಎಲ್ಕ್ ಕೂಗು ಕೇಳಿದ ರಾತ್ರಿ ನಾನು ಬೆಳಗಿನವರೆಗೂ ನಿದ್ದೆ ಮಾಡಲಿಲ್ಲ. ಮರಕ್ಕೆ ಕೋಲಿನಿಂದ ಬಡಿದ ಸದ್ದು ಬಂದರೆ, ತಣಿಯುವ ಮರ ಬಿರಿಯುವುದು, ಕೊಂಬೆ ಕೊಂಬೆಗೆ ತಾಗುವುದು, ಪಕ್ಕದ ಬಿಡಾರದವರು ಸೌದೆ ಒಡೆಯುವುದು, ಇವನ್ನು ಮೊದಲು ನೆನಪಿಸಿಕೊಳ್ಳಿ. ನೀವಾಗಿ ಮರ ಬಡಿಯುವುದು, ಕೂಗುವುದು ಬೇಡ. ಒಂದು ಕಿಲೊಮೀಟರ್ ಆಚೆ ಇನ್ನೊಬ್ಬರು ಅದನ್ನೇ ಮುದ್ರಿಸಿಕೊಳ್ಳುತ್ತಿರಬಹುದು.

ಸದ್ದಿನ ಹಿಂದೆ ಕತ್ತಲಲ್ಲಿ ಹೋಗಲೇಬೇಡಿ. ಬೆಳಗಾದ ಮೇಲೆ ಆ ದಿಕ್ಕಿಗೆ ಹೋಗಿ ನೆಲ ನೋಡಿ. ಕಪ್ಪು ಕರಡಿ ಎದುರಾದರೆ ಓಡಬೇಡಿ. ಗಟ್ಟಿಯಾಗಿ ಮಾತಾಡುತ್ತ ನಿಧಾನವಾಗಿ ಹಿಂದೆ ಸರಿಯಿರಿ. ಕೂಗರ್ ಎದುರಾದರೆ ಮಕ್ಕಳನ್ನು ಎತ್ತಿಕೊಳ್ಳಿ, ಕೈ ಎತ್ತಿ ದೊಡ್ಡದಾಗಿ ಕಾಣಿಸಿಕೊಳ್ಳಿ, ಕಣ್ಣು ಬೇರೆ ಕಡೆ ತಿರುಗಿಸಬೇಡಿ. ಸ್ಪ್ರೇ ಏಳೆಂಟು ಮೀಟರ್ ಹತ್ತಿರ ಬಂದಾಗ ಮಾತ್ರ.

ವಾಪಸ್ ಬಂದ ಮೇಲೆ

ಬರೆದ ಟಿಪ್ಪಣಿಯನ್ನು ತಿದ್ದಬೇಡಿ. ಹೊಸದಾಗಿ ಹೊಳೆದದ್ದನ್ನು ಬೇರೆ ದಿನಾಂಕ ಹಾಕಿ ಕೆಳಗೆ ಬರೆಯಿರಿ. ಫೋಟೊಗಳ ಮೂಲ ಪ್ರತಿ ಹಾಗೇ ಇರಲಿ. ಬಗೆಹರಿಯದ ಗುರುತು ಇದ್ದರೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಜೀವಶಾಸ್ತ್ರಜ್ಞರಿಗೆ ಕಳಿಸಿ. ಇದು ಸಾಸ್ಕ್ವಾಚ್ ಹೆಜ್ಜೆಯಾ ಎಂದು ಕೇಳುವ ಬದಲು ಇದು ಯಾವ ಪ್ರಾಣಿಯ ಹೆಜ್ಜೆ ಎಂದು ಕೇಳಿ.

ಅಚ್ಚನ್ನು ಒಂದು ವಾರ ನೆರಳಲ್ಲಿ ಒಣಗಿಸಿ, ಆಮೇಲೆ ಮೃದು ಬ್ರಷ್ಷಿನಿಂದ ಮಣ್ಣು ಬಿಡಿಸಿ. ಕರಡಿಯದೆಂದು ಗೊತ್ತಾದರೂ ಎಸೆಯಬೇಡಿ. ಆ ಸೆಪ್ಟೆಂಬರ್‌ನ ಅಚ್ಚು ನಮ್ಮ ಮನೆಯ ಕಪಾಟಿನಲ್ಲಿದೆ. ಹಿಂಬದಿಯಲ್ಲಿ ದಿನಾಂಕ, ಕೊಳದ ಹೆಸರು. ಅದರ ಕೆಳಗೆ ಮಗಳ ದುಂಡು ಅಕ್ಷರದಲ್ಲಿ ಹೀಗಿದೆ: ಕಪ್ಪು ಕರಡಿ, ಮುಂಗಾಲಿನ ಮೇಲೆ ಹಿಂಗಾಲು. ಪ್ರತಿ ಸಲ ಹೊರಡುವ ಹಿಂದಿನ ರಾತ್ರಿ ಅದನ್ನು ಮೇಜಿನ ಮೇಲಿಟ್ಟು ಎಲ್ಲರೂ ಒಮ್ಮೆ ಬೆರಳಾಡಿಸಿ ನೋಡುತ್ತೇವೆ, ಎರಡು ಪಾದ ಸೇರುವ ಆ ಮಡಿಕೆ ಎಲ್ಲಿದೆ ಎಂದು.